ಆಮೆಗೆ ಹಿತ್ತಲಲ್ಲೇ ಮೇವು ಬೆಳೆಸಿ

ಸಂಪಾದಕರೇ,

ನಮ್ಮ ಮನೆಯಲ್ಲಿ ಆಫ್ರಿಕಾದ ಸುಲ್ಕಾಟಾ ಜಾತಿಯ ಆಮೆ ಇದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ. (ನಮ್ಮ ಕಾಡಿನ ನಕ್ಷತ್ರ ಆಮೆಯನ್ನು ಮಾತ್ರ ದಯವಿಟ್ಟು ತರಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.)

ಮೊದಮೊದಲು ನಾವೂ ಟೊಮೆಟೊ, ಸೌತೆಕಾಯಿ, ಬಾಳೆಹಣ್ಣು ಅಂತ ಸುಮ್ನೆ ಹಾಕುತ್ತಿದ್ದೆವು. ಅದು ತಪ್ಪು. ಸಹಾರಾದ ಅಂಚಿನ ಒಣ ಹುಲ್ಲುಗಾವಲಿನ ಪ್ರಾಣಿ ಇದು, ನಾರು ಮತ್ತು ಕ್ಯಾಲ್ಸಿಯಂ ಜಾಸ್ತಿ ಬೇಕು, ಸಿಹಿ ಬೇಡ. ಈಗ ಹಿತ್ತಲ ತುಂಬ ಗರಿಕೆ ಬೆಳೆಸಿದ್ದೇವೆ, ಮುಖ್ಯ ಊಟ ಅದೇ. ಬೇಲಿ ಪಕ್ಕ ದಾಸವಾಳ ಇದೆ, ಎಲೆ, ಹೂವು ಎರಡನ್ನೂ ತಿನ್ನುತ್ತದೆ. ಮಂಡ್ಯದ ನೆಂಟರ ತೋಟದಿಂದ ತಂದ ಹಿಪ್ಪುನೇರಳೆ ಕಡ್ಡಿ ನೆಟ್ಟು ನೀರು ಹಾಕಿದ್ದಷ್ಟೇ, ಎಷ್ಟು ಚಿವುಟಿದರೂ ಮತ್ತೆ ಚಿಗುರುತ್ತದೆ! ರೇಷ್ಮೆ ತೋಟದ ಸೊಪ್ಪನ್ನೇ ತರುವುದಾದರೆ ಔಷಧಿ ಹೊಡೆದಿದ್ದಾರಾ ಎಂದು ಮೊದಲು ಕೇಳಿ. ಪಾಪಾಸುಕಳ್ಳಿಯೂ ಒಳ್ಳೆಯದು, ಮುಳ್ಳು ತೆಗೆದು ಕೊಡಬೇಕು. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ಕಣಗಿಲೆ ಬಗ್ಗೆ. ಮೈಸೂರಿನಲ್ಲಿ ಎಷ್ಟು ಕಾಂಪೌಂಡುಗಳಲ್ಲಿ ಇದೆ ಅಲ್ವಾ? ಎಲೆ, ಹೂವು, ಕಾಂಡ ಎಲ್ಲವೂ ವಿಷ, ಹೃದಯಕ್ಕೇ ಹೊಡೆತ. ಒಂದು ನರ್ಸರಿಯಲ್ಲಿ ಆಮೆ ಇದೆ ಎಂದು ಹೇಳಿದ ಮೇಲೂ "ಏನೂ ಆಗಲ್ಲ" ಎಂದು ಅದನ್ನೇ ಕೊಟ್ಟರು. ಉಮ್ಮತ್ತಿ, ಲಂಟಾನವೂ ಅಂಗಳದಲ್ಲಿ ಇರಬಾರದು. ನರ್ಸರಿಯವರು ಇಂಥ ಕುಂಡಗಳಿಗೆ "ವಿಷದ ಗಿಡ" ಎಂದು ಒಂದು ಚೀಟಿ ಅಂಟಿಸಲಿ ಎಂದು ಕೇಳಿಕೊಳ್ಳುತ್ತೇನೆ.

– ಓದುಗರೊಬ್ಬರು, ಕುವೆಂಪುನಗರ, ಮೈಸೂರು