ಮನೆಯಲ್ಲೇ ಕಟ್ಟಿದ ವಾಲ್ಟ್ಸ್

ಮಾನ್ಯರೇ,

ಕರಾವಳಿಯ ಕ್ರೈಸ್ತರ ಮದುವೆಗಳಲ್ಲಿ ಬ್ಯಾಂಡಿನವರ ವಾಲ್ಟ್ಸ್, ಅಂದರೆ ಮೂರು ಪೆಟ್ಟಿನ ಪಾಶ್ಚಾತ್ಯ ಕುಣಿತದ ಸಂಗೀತ, ಕೇಳುತ್ತಲೇ ಬೆಳೆದವನು ನಾನು. ನಿವೃತ್ತನಾದ ಮೇಲೆ ನಾನೇ ಒಂದು ಕಟ್ಟಿದ್ದೇನೆ, ಕನ್ನಡದಲ್ಲಿ. 1865ರಿಂದ ಹೆಂಚು ಸುಟ್ಟ ಊರು ನಮ್ಮದು. ಸಂಜೆ ಕಾರ್ಖಾನೆಯ ಸೈರನ್, ಕಾಲಿಗೆಲ್ಲ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದ ಅಪ್ಪ, ಇಷ್ಟೇ ಅದರ ವಿಷಯ. ‘ಸೈರನ್ ಕೂಗಿತು, ಹಂಡೆಗೆ ಬೆಂಕಿ ಹಾಕಮ್ಮ’ ಎಂದು ಶುರುವಾಗುತ್ತದೆ.

ಅದಕ್ಕೆ ಪಕ್ಕದ ಮನೆಯ ಹುಡುಗ ತಬಲಾದಲ್ಲಿ ದಾದ್ರಾ ತಾಳ ಹಿಡಿದ. ಆರು ಮಾತ್ರೆ, ಮೂರು ಮೂರಾಗಿ ಒಡೆಯುತ್ತದೆ, ಲೆಕ್ಕ ಸರಿ. ಆದರೆ ಆ ತೂಗಾಟ ಬರಲಿಲ್ಲ. ವಾಲ್ಟ್ಸಿನಲ್ಲಿ ಮೊದಲ ಪೆಟ್ಟು ಭಾರ, ಉಳಿದೆರಡು ಹಗುರ. ಗಿಟಾರಿನ ದಪ್ಪ ತಂತಿ ಒಮ್ಮೆ ಮೀಟಿ, ಸಣ್ಣ ತಂತಿಗಳನ್ನು ಎರಡು ಸಲ ಸವರಿ ನೋಡಿ, ಬಂದೇಬಿಡುತ್ತದೆ!

ನನ್ನ ಹಾಗೆ ಮನೆಯಲ್ಲಿ ಹಾಡು ಕಟ್ಟುವವರು ಎಲ್ಲ ಊರಲ್ಲೂ ಇರುತ್ತಾರೆ. ನಮಗೆ ಸಿನಿಮಾ ಬೇಡ, ಬಹುಮಾನ ಬೇಡ. ಸುಮ್ನೆ ಕೂತು ಒಬ್ಬರ ಹಾಡು ಇನ್ನೊಬ್ಬರು ಕೇಳಿದರೆ ಸಾಕು. ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಥ ಹಾಡುಗಳಿಗೆ ಕಾಲು ಪುಟ ಕೊಡಬಹುದು, ಅಲ್ವಾ? ನನ್ನ ಎರಡನೇ ಚರಣ ಇನ್ನೂ ಸೊರಗಿದೆ. ಯಾರಾದರೂ ತಿದ್ದಿಕೊಟ್ಟರೆ ಸಂತೋಷ.

ಒಬ್ಬ ಓದುಗ, ಜೆಪ್ಪು, ಮಂಗಳೂರು