ನಿನ್ನ ಹಾಡಿನಲ್ಲಿರುವ ‘ನಾನು’

ಅಮ್ಮತ್ತಿ, ಕೊಡಗು

ಪ್ರೀತಿಯ ಮಗಳೇ,

ನೀನು ಕಳುಹಿಸಿದ ರ‍್ಯಾಪ್ ಹಾಡನ್ನು ನಾಲ್ಕು ಸಲ ಕೇಳಿದೆ. ಮೊದಲನೆಯ ಸಲ ಆ ವೇಗಕ್ಕೆ ಮಾತುಗಳೇ ಕಿವಿಗೆ ನಿಲ್ಲಲಿಲ್ಲ. ಎರಡನೆಯ ಸಲ ಕಾಗದ ಹಿಡಿದು ಕುಳಿತು, ನಿಲ್ಲಿಸಿ ನಿಲ್ಲಿಸಿ, ಸಾಲುಗಳನ್ನೆಲ್ಲ ಬರೆದುಕೊಂಡೆ. 28 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಪದ್ಯವನ್ನು ಕಣ್ಣಿನಿಂದಲೂ ನೋಡದಿದ್ದರೆ ಸಮಾಧಾನವಾಗುವುದಿಲ್ಲ. ತೋಟದ ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿದವಳಂತೆ ‘ನಾನು ಲೈನ್ ಮನೆಯ ಹುಡುಗಿ’ ಎಂದು ನೀನು ಹಾಡನ್ನು ಆರಂಭಿಸಿದ್ದೀಯೆ. ಆ ‘ನಾನು’ ಎಂಬ ಪದದ ಬಳಿಯೇ ನನ್ನ ಮನಸ್ಸು ನಿಂತುಬಿಟ್ಟಿದೆ. ಫೋನಿನಲ್ಲಿ ಹೇಳಲು ಹೋದರೆ ಇಬ್ಬರ ದನಿಯೂ ಏರುತ್ತದೆ ಎಂದು ತಿಳಿದೇ ಬರೆಯುತ್ತಿದ್ದೇನೆ.

ಇದು ಕವಿತೆಯೇ ಅಲ್ಲ ಎಂದು ನಿನ್ನ ಅಪ್ಪ ಹೇಳಿದ ಮಾತನ್ನು ನಾನು ಒಪ್ಪಲಿಲ್ಲ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿದರು. ನೀವು ಸಾಲಿನ ಕೊನೆಯಲ್ಲಿಯೂ ನಡುವೆಯೂ ಹಿಡಿಯುತ್ತೀರಿ. ಉಸಿರು ಎಲ್ಲಿ ಕಡಿಯಬೇಕು, ಪೆಟ್ಟು ಯಾವ ಪದದ ಮೇಲೆ ಬೀಳಬೇಕು ಎಂಬ ಲೆಕ್ಕಾಚಾರ ಎರಡೂ ಕಡೆ ಇದೆ. ರ‍್ಯಾಪ್ ಹುಟ್ಟಿದ ಜಾಗವನ್ನು ನೆನೆದರೆ ಗೌರವವೂ ಮೂಡುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಬಡವರ ಕೇರಿಗಳನ್ನು ಸೀಳಿಕೊಂಡು ಹೆದ್ದಾರಿ ಹೋಗಿತ್ತು, ವಿಮೆಯ ಹಣಕ್ಕಾಗಿ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಹಚ್ಚಿಸುತ್ತಿದ್ದರು. ಅಂಥ ಊರಿನಲ್ಲಿ 1973ರ ಆಗಸ್ಟ್ 11ರಂದು, ಜಮೈಕಾದಿಂದ ಬಂದು ನೆಲಸಿದ್ದ ಕೂಲ್ ಹರ್ಕ್ ಎಂಬ ಯುವಕ ತನ್ನ ತಂಗಿ ಏರ್ಪಡಿಸಿದ ಪಾರ್ಟಿಯಲ್ಲಿ ಎರಡು ಟರ್ನ್‌ಟೇಬಲ್‌ಗಳ ಮೇಲೆ ಹಾಡುಗಳ ತಾಳದ ತುಣುಕನ್ನಷ್ಟೇ ಮತ್ತೆ ಮತ್ತೆ ನುಡಿಸಿದನಂತೆ. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದು ಹೇಳಿ, ಗಲಭೆಗಳೆದ್ದು, ಕಡೆಗೆ ಸಚಿವ ಸ್ಥಾನವನ್ನೇ ಕಳೆದುಕೊಂಡರು. ಆ ಬಿಸಿಯಲ್ಲಿ ಒಟ್ಟುಗೂಡಿದ ಹುಡುಗರಿಂದಲೇ ನಮ್ಮ ದಲಿತ ಕಾವ್ಯ ಬೆಳೆಯಿತು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಘಟನೆಗಳು ಒಂದೇ ವರ್ಷದಲ್ಲಿ ನಡೆದದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 1982ರ ‘ದಿ ಮೆಸೇಜ್’ ರ‍್ಯಾಪ್ ಹಾಡನ್ನು ನೀನೇ ನನಗೆ ಕೇಳಿಸಿದ್ದೆ. ಕುಣಿಯಲು ಬಂದವರಿಗೆ ಇಂಥದ್ದು ಯಾಕೆ ಎಂದು ಆ ತಂಡದವರೇ ಮೊದಲು ಹಿಂಜರಿದಿದ್ದರು ಎಂದೂ ನೀನೇ ಹೇಳಿದ್ದೆ. ಅದರಲ್ಲಿ ಅನ್ಯಾಯ ಎಂಬ ದೊಡ್ಡ ಪದ ಎಲ್ಲಿಯೂ ಬರುವುದಿಲ್ಲ. ಒಡೆದ ಗಾಜು, ಮೆಟ್ಟಿಲಿನ ಗಲೀಜು, ಮುಂದಿನ ಕೋಣೆಯಲ್ಲಿ ಇಲಿ, ಹಿಂದಿನ ಕೋಣೆಯಲ್ಲಿ ಜಿರಲೆ. ಇಷ್ಟನ್ನೇ ಎಣಿಸುತ್ತಾ ಹೋಗುತ್ತದೆ. 1975ರಲ್ಲಿ ಬಂದ ‘ಹೊಲೆಮಾದಿಗರ ಹಾಡು’ ಸಂಕಲನದ ಸಿದ್ಧಲಿಂಗಯ್ಯನವರೂ ಹಾಗೆಯೇ. ‘ಹಸಿವಿನಿಂದ ಸತ್ತೋರು ಸೈಜುಗಲ್ಲು ಹೊತ್ತೋರು’ ಎಂಬ ಸಾಲನ್ನು ನಾನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನ ಹುಡುಗರು ತಾವಾಗಿಯೇ ಡೆಸ್ಕಿನ ಮೇಲೆ ತಾಳ ಹಾಕಿದ್ದರು, ನಾನು ಗದರಿಸಿರಲಿಲ್ಲ. ಶೋಷಿತರು ಎಂದಿದ್ದರೆ ಆ ತಾಳ ಹುಟ್ಟುತ್ತಿರಲಿಲ್ಲ. ಹೆಗಲ ಮೇಲೆ ಇರುವುದು ಯಾವ ಕಲ್ಲು ಎಂಬುದನ್ನು ಕವಿತೆ ಹೇಳಿತು, ಆದ್ದರಿಂದಲೇ ಅದರ ಭಾರ ಕೇಳುವವರಿಗೂ ತಾಗಿತು.

ಈ ಕಣ್ಣಿನಿಂದ ನೋಡಿದರೆ ನಿನ್ನ ಹಾಡಿನಲ್ಲಿ ‘ಶೋಷಣೆ’ ಮೂರು ಸಲ, ‘ಸಮಾನತೆ’ ಎರಡು ಸಲ ಬಂದಿವೆ. ಅವು ಭಾಷಣದ ಪದಗಳು, ಬೀಟಿನ ಮೇಲೆ ಕುಳಿತಿದ್ದರೂ ಭಾಷಣದ ಪದಗಳೇ. ಆದರೆ ಸಂಜೆ ಕಾಫಿ ಹಣ್ಣಿನ ಚೀಲ ತೂಗುವಾಗ ಲೆಕ್ಕ ಬರೆಯುವ ರೈಟರ ಮುಖವನ್ನು ನೋಡದೆ ತಕ್ಕಡಿಯ ಮುಳ್ಳನ್ನೇ ನೋಡುವ ಹೆಂಗಸಿನ ಕಣ್ಣಿನ ಬಗ್ಗೆ ಒಂದು ಸಾಲು ಬರೆದಿದ್ದೀಯಲ್ಲ, ಅದನ್ನು ಕೇಳಿ ನಾನು ಹಾಡನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಅಂಗಳಕ್ಕೆ ಹೋಗಿ ನಿಂತಿದ್ದೆ. ಆ ಸಾಲು ನೀನು ಚಿಕ್ಕವಳಿದ್ದಾಗ ನಮ್ಮ ಕಣದಲ್ಲಿ ಕುಳಿತು ಕಂಡದ್ದು. ಕಂಡವಳ ಸಾಲು ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆ.

ಈಗ ‘ನಾನು’ ಎಂಬ ಪದಕ್ಕೆ ಬರುತ್ತೇನೆ. ಬಸವಣ್ಣನವರು ಕಲ್ಯಾಣದ ಭಂಡಾರಿಯಾಗಿದ್ದೂ ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ’ ಎಂದರಲ್ಲ ಎಂದು ನೀನು ನನ್ನ ಪಾಠವನ್ನೇ ನನಗೆ ತಿರುಗಿಸಬಹುದು. ಹೇಳಿದರು, ನಿಜ. ಆದರೆ ಅವರು ಜನಿವಾರವನ್ನೂ ಹುಟ್ಟಿನ ಹಿರಿಮೆಯನ್ನೂ ಬಿಟ್ಟು ನಡೆದವರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ, ಆ ಇಬ್ಬರು ತಂದೆಯರು ಪ್ರಾಣವನ್ನೇ ತೆತ್ತರು, ಕಲ್ಯಾಣವೇ ಚದುರಿಹೋಯಿತು. ಆ ‘ನಾನು’ವಿಗೆ ಅಷ್ಟು ಬೆಲೆ ತೆರಬೇಕಾಯಿತು ಮಗಳೇ. ನಾವು ಯಾವ ಬೆಲೆಯನ್ನು ತೆತ್ತಿದ್ದೇವೆ?

ಸಿದ್ಧಲಿಂಗಯ್ಯನವರು ಹೆಗಲಿಗೆ ನೊಗ ಹೊತ್ತು ನೇಗಿಲೆಳೆಯುತ್ತಿದ್ದ ತಮ್ಮ ತಂದೆಯನ್ನು ಬಾಲ್ಯದಲ್ಲಿಯೇ ಕಂಡವರು. ಅವರಿಗೆ ‘ನನ್ನ ಜನಗಳು’ ಎನ್ನುವ ಅಧಿಕಾರವಿತ್ತು. 2021ರಲ್ಲಿ ಎಲ್ಲರ ಫೋನಿನಲ್ಲೂ ಮೊಳಗಿದ ‘ಎಂಜಾಯ್ ಎಂಜಾಮಿ’ ಹಾಡನ್ನು ಬರೆದ ತಮಿಳಿನ ಅರಿವು, ಸಿಂಹಳದ ಚಹಾ ತೋಟದಲ್ಲಿ ದುಡಿದು ಬರಿಗೈಯಲ್ಲಿ ಮರಳಿದ ತಮ್ಮ ಅಜ್ಜಿಯಿಂದ ಆ ಹಾಡನ್ನು ಪಡೆದರು. ಭಾರತ ಮತ್ತು ಸಿಂಹಳದ ನಡುವಿನ 1964ರ ಒಪ್ಪಂದದ ನಂತರ ಹಾಗೆ ಮರಳಿದವರಲ್ಲಿ ಎಷ್ಟೋ ಕುಟುಂಬಗಳು ನಮ್ಮ ಗಡಿಗೆ ತಾಗಿದ ಸುಳ್ಯದ, ಪುತ್ತೂರಿನ ರಬ್ಬರ್ ತೋಟಗಳಿಗೂ ಬಂದು ನೆಲಸಿವೆ. ಆ ಹಾಡು ಕುಣಿಸುತ್ತದೆ, ಆದರೆ ಅದರೊಳಗೆ ಇರುವುದು ಮರ ನೆಟ್ಟವಳಿಗೆ ನೆಲವಿಲ್ಲ ಎಂಬ ಸಂಕಟ.

ನಮ್ಮದು ಬೇರೆ ಕಥೆ. ನಾವು ಸಣ್ಣ ಬೆಳೆಗಾರರು, ಆದರೂ ತೋಟದ ಕೆಳಗೆ ಎರಡು ಲೈನ್ ಮನೆಗಳಿದ್ದವು. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕಳೆ ಕೀಳುತ್ತಿದ್ದ ಎರವ ಬುಡಕಟ್ಟಿನ ಅಜ್ಜಿ ಅಲ್ಲಿಯೇ ಇದ್ದರು. ನಾಟಿಯ ದಿನ ಗದ್ದೆಯಲ್ಲಿ ಅವರು ತಮ್ಮ ಭಾಷೆಯಲ್ಲಿ ಹಾಡುತ್ತಿದ್ದರು. ನಾನು ಬದುವಿನ ಮೇಲೆ ಕಾಫಿಯ ಪಾತ್ರೆ ಹಿಡಿದು ನಿಂತು ಎಷ್ಟು ಚೆನ್ನಾಗಿದೆ ಎಂದು ಕೇಳಿದ್ದೇನೆ, ಅರ್ಥವೇನು ಎಂದು ಒಂದು ದಿನವೂ ಕೇಳಲಿಲ್ಲ. ಕನ್ನಡದ ಟೀಚರ್ ನಾನು. ಮಕ್ಕಳಿಗೆ ಜನಪದ ಸಾಹಿತ್ಯದ ಪಾಠ ಮಾಡಿ ಮನೆಗೆ ಬರುತ್ತಿದ್ದವಳು. 2018ರ ಮಳೆಗಾಲದಲ್ಲಿ, ಗುಡ್ಡಗಳು ಜರಿದ ಆ ಆಗಸ್ಟಿಗೆ ಸ್ವಲ್ಪ ಮೊದಲು, ಅವರು ತೀರಿಕೊಂಡರು.

ಅವರ ಮೊಮ್ಮಗಳು ಈಗ ವಿರಾಜಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಳೆದ ವಾರ ಪುಸ್ತಕ ಕೇಳಲು ಬಂದಿದ್ದಳು; ನಿನ್ನ ಹಾಡನ್ನು ಅವಳಿಗೆ ಕೇಳಿಸಿದೆ. ನಿನ್ನನ್ನು ಕೇಳದೆ ಹಾಗೆ ಮಾಡಿದ್ದಕ್ಕೆ ಕ್ಷಮಿಸು. ಅವಳು ತಲೆದೂಗುತ್ತಲೇ ಕೇಳಿದಳು, ಅಕ್ಕ ತುಂಬ ಚೆನ್ನಾಗಿ ಹಾಡಿದ್ದಾರೆ ಎಂದಳು. ಆಮೇಲೆ ಮೆಲ್ಲಗೆ, ‘ಕಿಟಕಿಯಿಂದ ಮಳೆ ನೋಡುತ್ತಾ ಕುಳಿತೆ ಅಂತ ಇದೆಯಲ್ಲ ಟೀಚರ್, ನಮ್ಮ ಲೈನಿಗೆ ಕಿಟಕಿ ಇರಲಿಲ್ಲ’ ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಆ ಮನೆಗಳನ್ನು ಕಟ್ಟಿಸಿದವರು ನಿನ್ನ ತಾತ, ಇಪ್ಪತ್ತು ವರ್ಷ ಪ್ರತಿದಿನ ಅವುಗಳ ಮುಂದೆ ನಡೆದಾಡಿದವಳು ನಾನು. ಕಿಟಕಿ ಇಲ್ಲ ಎಂಬುದು ಅಂದಿನವರೆಗೆ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗಾದರೆ ನಾನು ಹಾಡಲೇಬಾರದೇ ಎಂದು ನೀನು ಕೇಳುತ್ತೀಯೆ. ಹಾಡಬೇಕು. 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ನಮ್ಮಂಥ ಮನೆಗಳಲ್ಲಿ ಬಹುಪಾಲು ಮಂದಿ ಬಾಯಿ ತೆರೆಯಲಿಲ್ಲ. ಆ ಮೌನದೊಳಗೆ ಕುಳಿತಿದ್ದವಳು ನೀನು, ಆಗ ಒಂಬತ್ತನೆಯ ತರಗತಿ. ಆ ಊಟದ ಮೇಜಿನಲ್ಲಿ ಯಾರು ಏನು ಹೇಳಿದರು ಎಂಬುದಕ್ಕೆ ಸಾಕ್ಷಿ ನೀನಲ್ಲದೆ ಬೇರೆ ಯಾರೂ ಇಲ್ಲ. ಕಿಟಕಿಯಿಲ್ಲದ ಮನೆಯ ಒಳಗಿನ ಕತ್ತಲೆಯನ್ನು ಆ ಹುಡುಗಿ ಹೇಳಲಿ. ಕಿಟಕಿ ಇಡದೆ ಕಟ್ಟಿದ ಕೈ ಯಾವುದು ಎಂಬುದನ್ನು ನೀನು ಹೇಳಬಲ್ಲೆ.

ಅದಕ್ಕೆ ಬೇಕಾದದ್ದು ಅಟ್ಟದ ಮೇಲಿತ್ತು. ನಿನ್ನ ತಾತನ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಅಕ್ಕಿ, ಕಂಬಳಿ, ಔಷಧಿ, ಮಗನ ಮದುವೆಗೆ ಮುಂಗಡ, ಮತ್ತೆ ಅಕ್ಕಿ. ಪುಟ ತಿರುಗಿದಲ್ಲೆಲ್ಲ ಮೊದಲ ಸಾಲು ‘ಹಿಂದಿನ ಬಾಕಿ’. 1976ರಲ್ಲಿ ಜೀತವನ್ನು ರದ್ದುಮಾಡುವ ಕಾಯಿದೆ ಬಂತೆಂದು ನಾನು ಮಕ್ಕಳಿಗೆ ಕಲಿಸಿದ್ದೇನೆ. ನಮ್ಮ ಮನೆಯ ಪುಸ್ತಕದಲ್ಲಿ 1981ರ ಪುಟವೂ ಅದೇ ಎರಡು ಪದಗಳಿಂದ ಆರಂಭವಾಗುತ್ತದೆ. ತಾತನ ಅಕ್ಷರ ಎಷ್ಟು ಮುದ್ದಾಗಿದೆ ಎಂದು ನೀನೇ ಹೇಳುತ್ತಿದ್ದೆ. ಆ ಮುದ್ದಾದ ಅಕ್ಷರದ ಕೆಳಗೆ ಆ ಎರವ ಅಜ್ಜಿಯ ಹೆಬ್ಬೆಟ್ಟಿನ ಗುರುತಿದೆ.

ಪುಸ್ತಕವನ್ನು ನಿನ್ನ ಅಪ್ಪನಿಗೆ ಹೇಳಿಯೇ ತೆಗೆದಿದ್ದೇನೆ. ಅವರು ಏನೂ ಮಾತನಾಡಲಿಲ್ಲ, ಬೇಡ ಎನ್ನಲೂ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ನೀನು ಮನೆಗೆ ಬರುತ್ತೀಯಲ್ಲ, ಆಗ ಕೊಡುತ್ತೇನೆ; ಬಸ್ಸಿನಲ್ಲಿ ಕಳುಹಿಸಲು ಧೈರ್ಯವಿಲ್ಲ. ಆ ಹುಡುಗಿಯೂ ಅಂದು ಬರುತ್ತಾಳೆ. ಅಜ್ಜಿಯ ನಾಟಿ ಹಾಡಿನಲ್ಲಿ ತನಗೆ ನೆನಪಿರುವಷ್ಟನ್ನು ಬರೆದು, ಪಕ್ಕದಲ್ಲಿ ಕನ್ನಡದ ಅರ್ಥವನ್ನೂ ಹಾಕಿ ತರುವುದಾಗಿ ಹೇಳಿದ್ದಾಳೆ. ಫೋನಿನಲ್ಲಿಯೇ ಬೀಟ್ ಹಾಕುವುದು ಹೇಗೆ ಎಂದು ಅವಳು ನಿನ್ನನ್ನು ಕೇಳಬೇಕಂತೆ.

ನಿನ್ನ
ಅಮ್ಮ