ಪಿಸಿ ಜೋಡಿಸುವವರು ದುಡ್ಡು ಕೊಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಗೇಮಿಂಗ್ ಪಿಸಿ ಕೊಳ್ಳುವವರು ಬಿಡಿಭಾಗಗಳ ಪಟ್ಟಿಯನ್ನು ಮೊದಲು ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ.

ಬಜೆಟ್ ಬಿಗಿಯಾದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಪವರ್ ಸಪ್ಲೈಗೆ, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆಗೆ. ದಯವಿಟ್ಟು ಹಾಗೆ ಮಾಡಬೇಡಿ. ನನ್ನ ಹಳೆಯ ಅಗ್ಗದ ಸಪ್ಲೈ ಆಟದ ನಡುವೆಯೇ ಚಟ್ ಎಂದು ಸುಟ್ಟಿತು; ಮದರ್‌ಬೋರ್ಡನ್ನೂ ಜೊತೆಗೇ ಕೊಂಡೊಯ್ದಿತು. ಬಿಚ್ಚಿ ನೋಡಿದರೆ ಕನೆಕ್ಟರ್ ಪಿನ್ನುಗಳೆಲ್ಲ ಕರ್ರಗೆ. 650 ಅಥವಾ 750 ವ್ಯಾಟ್‌ನ, 7ರಿಂದ 10 ವರ್ಷ ವಾರಂಟಿ ಇರುವುದನ್ನೇ ತೆಗೆದುಕೊಳ್ಳಿ. ಮುಂದಿನ ಪಿಸಿಗೂ ಅದೇ ಆಗುತ್ತದೆ.

ಪ್ರೊಸೆಸರ್‌ಗಿಂತ ಅದು ಬೋರ್ಡಿನಲ್ಲಿ ಕೂರುವ ಜಾಗ, ಅಂದರೆ ಸಾಕೆಟ್ ನೋಡಿ. 2017ರಲ್ಲಿ ಅಂಗಡಿಗೆ ಬಂದ ಎಎಮ್‌ಡಿಯ ಎಎಮ್4 ಸಾಕೆಟ್ಟಿನ ಬೋರ್ಡುಗಳಲ್ಲಿ ಎಷ್ಟೋ, ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ 2022ರ ರೈಜನ್ 5800ಎಕ್ಸ್3ಡಿ ಚಿಪ್ಪನ್ನೂ ಓಡಿಸುತ್ತವೆ. ಈಗ ಹೊಸದಾಗಿ ಕೊಳ್ಳುವವರಿಗೆ ಅದರ ನಂತರದ ಎಎಮ್5 ಸಾಕೆಟ್ ಒಳ್ಳೆಯದು: ಇವತ್ತು ಆರು ಕೋರ್ ಇರುವ ಪ್ರೊಸೆಸರ್ ಸಾಕು, ನಾಲ್ಕು ವರ್ಷ ಬಿಟ್ಟು ಚಿಪ್ ಮಾತ್ರ ಬದಲಿಸಬಹುದು.

ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಪಾಲು ಇಡಿ. ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಹೊಸ ಆಟಗಳಿಗೆ ಈಗಲೇ ಸಾಲುತ್ತಿಲ್ಲ; 12 ಜಿಬಿ ಸಿಕ್ಕರೆ ನೆಮ್ಮದಿ. ರ‍್ಯಾಮ್ ತಲಾ 16 ಜಿಬಿಯ ಎರಡು ಕಡ್ಡಿ. ನಾಲ್ಕು ಸ್ಲಾಟ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಬಣ್ಣದ ದೀಪ, ಗಾಜಿನ ಕ್ಯಾಬಿನೆಟ್ ಆಮೇಲೆ ನೋಡೋಣ.